ಹತ್ತಿರದ ಕಾಡು, ದೂರದ ಕಾಡು

ಶಾಲೆಯ ಸ್ಮರಣ ಸಂಚಿಕೆಯೆಂದರೆ ಒಂದು ಬಗೆಯಲ್ಲಿ ಜಮಾಖರ್ಚಿನ ಪುಸ್ತಕವೇ ಸರಿ. ಎಷ್ಟು ಮಂದಿ ಉತ್ತೀರ್ಣರಾದರು, ಎಷ್ಟು ಕೊಠಡಿಗಳು ಎದ್ದವು, ಯಾವ ದಾನಿಗಳ ಔದಾರ್ಯದಿಂದ ಯಾವ ಕಾರ್ಯ ನೆರವೇರಿತು ಎಂಬುದೆಲ್ಲ ಇಲ್ಲಿ ಕ್ರಮವಾಗಿ ದಾಖಲಾಗುತ್ತದೆ, ಆಗಬೇಕಾದದ್ದೂ ಹಾಗೆಯೇ. ಶ್ರೀಮಠದ ಆಶ್ರಯದಲ್ಲಿ ಮೂರು ದಶಕಗಳಿಗೂ ಮಿಕ್ಕು ಅಧ್ಯಾಪನ ವೃತ್ತಿಯನ್ನು ನಡೆಸಿ ನಿವೃತ್ತನಾದ ನನಗೆ ಆ ಜಮೆಯ ಪಟ್ಟಿಯ ವಿಷಯದಲ್ಲಿ ಹೆಮ್ಮೆಯಿದೆ. ಆದರೆ ಪ್ರಾಮಾಣಿಕನಾದ ಕರಣಿಕನು ಬಾಕಿಯನ್ನೂ ಬರೆದಿಡಬೇಕಷ್ಟೆ. ನಮ್ಮ ಪುಸ್ತಕದಲ್ಲಿ ಇದುವರೆಗೆ ಯಾರೂ ಬರೆಯದ ಒಂದು ಬಾಕಿಯುಂಟು. ವಿಚಿತ್ರವೆಂದರೆ, ಅದು ನನ್ನ ಗಮನಕ್ಕೆ ಬಂದದ್ದು ಇಂಗ್ಲೆಂಡಿನ ಒಂದು ಕಾಡಿನಲ್ಲಿ.

ಎರಡು ವರ್ಷಗಳ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರ ಪ್ರೀತಿಯ ಒತ್ತಾಯಕ್ಕೆ ಕಟ್ಟುಬಿದ್ದು ಲಂಡನ್ನಿಗೆ ಹೋಗಿದ್ದೆ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ಸೀಮೆಯಿಂದ ಬಂದು, ಪ್ರಸಾದ ನಿಲಯದಲ್ಲಿದ್ದು ಓದಿ, ತಮ್ಮ ಪರಿಶ್ರಮದಿಂದ ಮೇಲೆ ಬಂದು ಈಗ ಆ ದೊಡ್ಡ ನಗರದಲ್ಲಿ ನೆಲಸಿರುವವರು ಅವರು. ಒಂದು ಭಾನುವಾರ ತಮ್ಮ ಹತ್ತು ವರ್ಷದ ಮಗನೊಂದಿಗೆ ನನ್ನನ್ನು ಎಪ್ಪಿಂಗ್ ಅರಣ್ಯಕ್ಕೆ ಕರೆದುಕೊಂಡು ಹೋದರು. ನಗರದ ನೆಲದಡಿಯ ರೈಲಿನಲ್ಲಿಯೇ ಹೋಗಿ, ಲೌಟನ್ ಎಂಬ ನಿಲ್ದಾಣದಲ್ಲಿಳಿದು ತುಸು ದೂರ ನಡೆದರೆ ಕಾಡು ಆರಂಭವಾಗುತ್ತದೆ. ಮೇ ತಿಂಗಳು, ಬೀಚ್ ಮರಗಳು ಆಗ ತಾನೇ ಎಳೆಯ ಎಲೆಗಳನ್ನು ಹೊದ್ದಿದ್ದವು. ಬಿಸಿಲು ಆ ಎಲೆಗಳೊಳಗಿಂದ ಸೋಸಿ ಇಳಿಯುತ್ತಿತ್ತು. ಕಾಲಡಿಯಲ್ಲಿ ಹಳೆಯ ಎಲೆಗಳ ಮೆತ್ತನೆಯ ಹಾಸು. ದಾರಿಯಲ್ಲಿ ವೃದ್ಧ ದಂಪತಿಗಳು, ಮಕ್ಕಳ ಕೈಹಿಡಿದ ತಾಯಂದಿರು, ನಾಯಿಯೊಡನೆ ಅಡ್ಡಾಡುವವರು ಎದುರಾದರು. ಎಲ್ಲರೂ ಒಂದು ಕಿರುನಗೆ ಬೀರಿ ಮುಂದೆ ಸಾಗುವರು. ಯಾರ ದನಿಯೂ ಹತ್ತು ಮಾರು ಆಚೆಗೆ ಕೇಳಿಸದು. ಸುಮಾರು ಒಂದು ಗಂಟೆಯ ಕಾಲ ನಾವು ಮೂವರೂ ಹೆಚ್ಚು ಮಾತನಾಡದೆ ನಡೆದೆವು. ಜಗತ್ತಿನ ಅತಿ ಗದ್ದಲದ ನಗರಗಳಲ್ಲೊಂದರ ಅಂಚಿನಲ್ಲಿ ಇಂಥದೊಂದು ಶಾಂತಿ ಉಳಿದುಬಂದಿದೆಯಲ್ಲ ಎಂದು ನಾನು ಬೆರಗಾದೆ.

ಹುಡುಗನು ನನಗೆ ಮರಗಳನ್ನು ಪರಿಚಯಿಸತೊಡಗಿದನು. ಇದು ಬೀಚ್, ಇದು ಹಾರ್ನ್‌ಬೀಮ್, ಇದು ಓಕ್, ಅಲ್ಲಿ ಬಿಳಿಯ ತೊಗಟೆಯದು ಬರ್ಚ್ ಎಂದು ತೊಗಟೆಯನ್ನು ಮುಟ್ಟಿ, ಎಲೆಯ ಅಂಚನ್ನು ತೋರಿಸಿ ಹೇಳಿದನು. ಶಾಲೆಯಿಂದ ವರ್ಷವರ್ಷವೂ ತಮ್ಮನ್ನು ಇಲ್ಲಿಗೆ ಕರೆತರುತ್ತಾರೆಂದನು. ಬಳಿಕ ತಂದೆಯ ಕಡೆಗೆ ತಿರುಗಿ, ತನಗೆ ಬಂದಷ್ಟು ಕನ್ನಡದಲ್ಲಿ, "ಅಪ್ಪಾ, ನಿಮ್ಮೂರ ಕಾಡಲ್ಲಿ ಯಾವ ಯಾವ ಮರ ಇವೆ?" ಎಂದು ಕೇಳಿದನು. ತಂದೆ ಸ್ವಲ್ಪ ಹೊತ್ತು ಯೋಚಿಸಿ, "ಜಾಲಿ... ಬೇವು... ಮಿಕ್ಕಿದ್ದೆಲ್ಲ ಬರೀ ಮುಳ್ಳುಗಿಡ ಕಣಪ್ಪ" ಎಂದರು. ಹುಡುಗನಿಗೆ ಸಮಾಧಾನವಾಗಲಿಲ್ಲ. "ತಾತ, ನೀವು ಅಪ್ಪನ ಮೇಷ್ಟ್ರಲ್ಲವಾ? ನೀವು ಹೇಳಿ" ಎಂದು ನನ್ನ ಮುಖ ನೋಡಿದನು.

ನಾನು ಹೇಳಲಾರದೆ ಹೋದೆ. ಮೂವತ್ತು ವರ್ಷ ಪಾಠ ಹೇಳಿದವನ ಬಾಯಿಂದ ಆ ಕಾಡಿನ ಹತ್ತು ಮರಗಳ ಹೆಸರು ಹೊರಡಲಿಲ್ಲ. ತಂದೆಗೆ ಗೊತ್ತಿಲ್ಲದ್ದಕ್ಕೆ ಕಾರಣ ಗುರುವಿಗೂ ಗೊತ್ತಿಲ್ಲದಿದ್ದುದು. ನಾನು ಮೊದಲು ಹೇಳಿದ ಬಾಕಿ ಇದೇ.

ಊರಿಗೆ ಮರಳಿದ ಮೇಲೆ ಎಪ್ಪಿಂಗ್ ಅರಣ್ಯವು ಉಳಿದುಬಂದ ಕಥೆಯನ್ನು ಓದಿದೆನು. ಅದನ್ನು ಇಲ್ಲಿ ಸಂಗ್ರಹವಾಗಿ ಹೇಳುವುದು ಅಗತ್ಯ. ಏಕೆಂದರೆ ಇಂಗ್ಲಿಷರು ಹುಟ್ಟಾ ಪ್ರಕೃತಿಪ್ರಿಯರೆಂದೂ, ನಾವು ಹಾಗಲ್ಲವೆಂದೂ ಒಂದು ಸುಲಭವಾದ ನಂಬಿಕೆ ನಮ್ಮಲ್ಲಿ ಬೇರೂರಿದೆ. ವಾಸ್ತವವಾಗಿ ಇಂಗ್ಲೆಂಡಿನ ನೆಲದಲ್ಲಿ ಇಂದು ಕಾಡಿರುವುದು ನೂರಕ್ಕೆ ಹತ್ತು ಪಾಲಿನಷ್ಟು ಮಾತ್ರ. ಮಿಕ್ಕ ಕಾಡನ್ನು ಕಡಿದು ಕಳೆದುಕೊಂಡವರೂ ಅವರೇ. ಸುಮಾರು 2,400 ಹೆಕ್ಟೇರುಗಳ ಎಪ್ಪಿಂಗ್ ಅರಣ್ಯವೂ ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಭೂಮಾಲಿಕರ ಬೇಲಿಗಳಿಗೆ ತುತ್ತಾಗತೊಡಗಿತ್ತು. ಲೌಟನ್ ಗ್ರಾಮದ ಬಡಜನರಿಗೆ ಆ ಕಾಡಿನ ಮರಗಳ ಕೊಂಬೆಗಳನ್ನು ಚಳಿಗಾಲದ ಸೌದೆಗಾಗಿ ಸವರಿಕೊಳ್ಳುವ ಪುರಾತನ ಹಕ್ಕಿತ್ತು. ಪ್ರತಿವರ್ಷ ನವೆಂಬರ್ 11ರ ನಡುರಾತ್ರಿ ಮೊದಲ ಕೊಂಬೆಯನ್ನು ಕಡಿದು ಅವರು ಆ ಹಕ್ಕನ್ನು ಉಳಿಸಿಕೊಳ್ಳುತ್ತಿದ್ದರು. ಬೇಲಿ ಬಂದಾಗ ಥಾಮಸ್ ವಿಲಿಂಗೇಲ್ ಎಂಬ ಒಬ್ಬ ಸಾಮಾನ್ಯ ಶ್ರಮಜೀವಿ ಅದನ್ನು ಲೆಕ್ಕಿಸದೆ ಒಳಹೊಕ್ಕು ಕೊಂಬೆ ಕಡಿದನು. ಅವನ ಮನೆಯವರು ಸೆರೆಮನೆಯನ್ನು ಕಂಡರು, ವ್ಯಾಜ್ಯ ನಡೆಯಿತು. ಅದರ ಅಂತ್ಯವನ್ನು ಕಾಣದೆ 1870ರಲ್ಲಿ ಅವನು ತೀರಿಕೊಂಡನು. ಆದರೆ ಹೋರಾಟವನ್ನು ಲಂಡನ್ ನಗರದ ಕಾರ್ಪೊರೇಷನ್ನು ಕೈಗೆತ್ತಿಕೊಂಡಿತು. ಕೊನೆಗೆ 1878ರಲ್ಲಿ ಎಪ್ಪಿಂಗ್ ಅರಣ್ಯ ಕಾಯಿದೆ ಬಂದು, ಆ ಕಾಡು ಬೇಲಿಯಿಲ್ಲದೆ ಸಾರ್ವಜನಿಕರ ಸಂತೋಷಕ್ಕಾಗಿ ಸದಾಕಾಲ ತೆರೆದಿರತಕ್ಕದ್ದೆಂದು ವಿಧಿಸಲ್ಪಟ್ಟಿತು. ಸೌದೆಯ ಹಕ್ಕನ್ನು ಬಿಟ್ಟುಕೊಟ್ಟ ಗ್ರಾಮಸ್ಥರಿಗೆ ಸಂದ ಪರಿಹಾರದಿಂದ 1884ರಲ್ಲಿ ಲೌಟನ್ನಿನಲ್ಲಿ ಒಂದು ಸಾರ್ವಜನಿಕ ಭವನ ಎದ್ದಿತು.

ನಾನು ಕಂಡ ಆ ಮುದಿ ಮರಗಳೆಲ್ಲ ಆಳೆತ್ತರದಲ್ಲಿ ಗಂಟುಗಟ್ಟಿ, ಅಲ್ಲಿಂದ ಹತ್ತಾರು ತೋಳುಗಳನ್ನು ಚಾಚಿದ್ದವು. ಅದು ಶತಮಾನಗಳ ಕಾಲ ಸೌದೆಯವರ ಕೊಡಲಿ ಕೊಟ್ಟ ಆಕಾರ. ಆ ನೆಮ್ಮದಿಯ ಹಿಂದೆ ಬಡವರ ಬೆವರೂ ಸೆರೆವಾಸವೂ ಇದ್ದವು. ಶಾಂತವಾದ ಕಾಡೆಂಬುದು ತಾನಾಗಿ ಉಳಿಯುವ ವಸ್ತುವಲ್ಲ; ಅದು ಬೇಕೆನ್ನುವ ಜನ ಇರುವಷ್ಟು ಕಾಲ ಮಾತ್ರ ಉಳಿಯುತ್ತದೆ.

ಈ ಕಥೆಗೆ ಇನ್ನೊಂದು ಮುಖವುಂಟು. ಅದೇ 1878ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿಯೂ ಒಂದು ಅರಣ್ಯ ಕಾಯಿದೆ ಜಾರಿಗೆ ಬಂದಿತು. ಅದರ ಹಾದಿ ಮಾತ್ರ ತಿರುಗುಮುರುಗು. ಲಂಡನ್ನಿನ ಜನರಿಗೆ ಕಾಡನ್ನು ತೆರೆದ ಆಳರಸರು, ಇಲ್ಲಿಯ ಜನರಿಗೆ ಕಾಡನ್ನು ಸರ್ಕಾರದ ಸ್ವತ್ತೆಂದು ಗುರುತಿಸಿ ಮುಚ್ಚತೊಡಗಿದರು. ಮೇಯಿಸುವುದು, ಸೊಪ್ಪು ತರುವುದು, ಸೌದೆ ಆಯುವುದು ಎಲ್ಲವೂ ಹಕ್ಕಿನ ಪಂಕ್ತಿಯಿಂದ ಇಳಿದು ರಿಯಾಯಿತಿಯ ಪಂಕ್ತಿಗೆ ಸೇರಿದವು. ನಮ್ಮ ಮೈಸೂರು ಸೀಮೆಯಲ್ಲಿ 1864ರಲ್ಲಿಯೇ ಅರಣ್ಯ ಇಲಾಖೆ ಸ್ಥಾಪಿತವಾಗಿತ್ತು. 1900ರಲ್ಲಿ ಸಂಸ್ಥಾನದ ಅರಣ್ಯ ರೆಗ್ಯುಲೇಷನ್ನು, ಸ್ವಾತಂತ್ರ್ಯಾನಂತರ 1963ರ ಕರ್ನಾಟಕ ಅರಣ್ಯ ಕಾಯಿದೆ ಬಂದವು. ಇಲಾಖೆಯ ಕಾವಲಿಲ್ಲದಿದ್ದರೆ ಇಂದು ನಮಗೆ ಇಷ್ಟೂ ಉಳಿಯುತ್ತಿರಲಿಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಇದರಿಂದ ನಮ್ಮ ಮನಸ್ಸಿಗೆ ಒಂದು ಕೇಡಾಯಿತು. ಕಾಡು ತಮ್ಮದೆಂಬ ಭಾವ ಜನರಿಂದ ಮರೆಯಾಯಿತು. ಅದು 'ಫಾರೆಸ್ಟಿನವರದು' ಎಂದಾಯಿತು. ತನ್ನದಲ್ಲದ್ದರ ಹೆಸರುಗಳನ್ನು ಯಾರು ತಾನೇ ನೆನಪಿಡುತ್ತಾರೆ?

ನಮ್ಮ ವಿದ್ಯಾಭ್ಯಾಸವೂ ಈ ಮರೆವಿಗೆ ನೆರವಾಯಿತೆಂದು ಹೇಳಬೇಕಾಗಿದೆ. ಬಿ.ಎಂ.ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಕನ್ನಡ ಕಾವ್ಯಕ್ಕೆ ಹೊಸ ಬಾಗಿಲನ್ನು ತೆರೆದದ್ದು ಸರ್ವವಿದಿತ. ಅದರ ಮೂಲಕ ಇಂಗ್ಲೆಂಡಿನ ವಸಂತ ನಮ್ಮ ಮಕ್ಕಳ ಬಾಯಲ್ಲಿ ಹಾಡಾಯಿತು. ನಾನೇ ಅದನ್ನು ಎಷ್ಟೋ ವರ್ಷ ಮಕ್ಕಳಿಂದ ಹಾಡಿಸಿದ್ದೇನೆ. ಕುವೆಂಪು ಅವರು ಮಲೆನಾಡಿನ ಕಾಡನ್ನು ಕನ್ನಡದ ಹೃದಯದಲ್ಲಿ ನೆಟ್ಟರು. ಹೀಗೆ ನಮ್ಮ ಬಯಲುಸೀಮೆಯ ಬಾಲಕನಿಗೆ ಓದಿನಲ್ಲಿ ಎರಡು ಕಾಡುಗಳು ದೊರೆತವು: ಒಂದು ಇಂಗ್ಲೆಂಡಿನದು, ಇನ್ನೊಂದು ಸಹ್ಯಾದ್ರಿಯದು. ಎರಡೂ ಹಸಿರು, ಎರಡೂ ನೀರುಂಡವು. ತನ್ನ ಮನೆಯ ಹಿಂದಿನ ಒಣಗುಡ್ಡದ ಕಾಡು ಅವನಿಗೆ ಪುಸ್ತಕದಲ್ಲಿ ಸಿಗಲಿಲ್ಲ. ಆದ್ದರಿಂದ ಅದು ಕಾಡೇ ಅಲ್ಲವೆಂದು ಅವನು ತೀರ್ಮಾನಿಸಿದನು. ಆ ತೀರ್ಮಾನಕ್ಕೆ ನಾವು ಅಧ್ಯಾಪಕರು ಮೌನದಿಂದ ಸಮ್ಮತಿಯಿತ್ತೆವು.

ಬರಗಾಲದ ಸೀಮೆಯಲ್ಲಿ ಕಾಡೆಲ್ಲಿಂದ ಬರಬೇಕು ಎಂಬುದು ಇನ್ನೊಂದು ಮಾತು. ಇದನ್ನು ಕೇಳಿದಾಗಲೆಲ್ಲ ನಾನೀಗ ಒಂದು ಸಂಗತಿಯನ್ನು ಮುಂದಿಡುತ್ತೇನೆ. ಸದಾ ಮೋಡ ಮುಸುಕಿದ ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ನಮ್ಮ ಹಿರಿಯೂರು ಸೀಮೆಯದು ಅದಕ್ಕಿಂತ ತುಸು ಕಡಮೆ, ಅಷ್ಟೆ. ಅಲ್ಲಿ ಆ ಮಳೆ ಹನ್ನೆರಡು ತಿಂಗಳೂ ಹನಿಹನಿಯಾಗಿ ಹಂಚಿ ಬೀಳುತ್ತದೆ. ತಣ್ಣನೆಯ ಹವೆ ಅದನ್ನು ನೆಲದಲ್ಲಿ ಉಳಿಯಗೊಡುತ್ತದೆ. ಇಲ್ಲಿ ಅದು ಕೆಲವೇ ದಿನಗಳಲ್ಲಿ ರಭಸದಿಂದ ಸುರಿದು ಹರಿದುಹೋಗುತ್ತದೆ. ಉಳಿದುದನ್ನು ಬಿಸಿಲು ಹೀರುತ್ತದೆ. ಹೆಚ್ಚುಕಡಮೆ ಅಷ್ಟೇ ನೀರಿನಲ್ಲಿ ಎಂಟು ತಿಂಗಳ ಬಿಸಿಲನ್ನು ಸಹಿಸಿ ನಿಲ್ಲುವ ಕಾಡು ಲಂಡನ್ನಿನ ಕಾಡಿಗಿಂತ ಹೆಚ್ಚಿನ ಸಾಧನೆ ಮಾಡಿದೆಯೆಂದು ಒಪ್ಪಬೇಕಾಗುತ್ತದೆ. ಅದು ಎಲೆಯನ್ನು ಚಿಕ್ಕದು ಮಾಡಿತು, ಮುಳ್ಳನ್ನು ಬೆಳೆಸಿತು, ಬೇಸಗೆಯಲ್ಲಿ ಎಲೆಯನ್ನೇ ತೊರೆದು ನಿಂತಿತು. ಬಡತನದಲ್ಲಿಯೂ ಮಾನವಾಗಿ ಸಂಸಾರ ತೂಗಿಸುವ ಗೃಹಿಣಿಯ ಜಾಣ್ಮೆ ಅದರಲ್ಲಿದೆ.

ಬಾಕಿಯನ್ನು ತೀರಿಸುವ ಸಂಕಲ್ಪದಿಂದ, ಕಳೆದ ಶಿವರಾತ್ರಿಗೆ ಕೆಲವು ದಿನ ಮುಂಚೆ, ಅದೇ ಹಳೆಯ ವಿದ್ಯಾರ್ಥಿಯ ಊರಾದ ಯಲ್ಲದಕೆರೆಗೆ ಹೋದೆನು. ತಾಲ್ಲೂಕಿನ ಆ ದಕ್ಷಿಣ ಭಾಗಕ್ಕೆ ಶಿರಾ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಗುಡ್ಡಗಾಡು ದೂರವಲ್ಲ. ಅಲ್ಲಿಯ ಕಾಡುಗೊಲ್ಲರ ಹಟ್ಟಿಯೊಂದರ ಹಿರಿಯರೊಬ್ಬರು ನನ್ನನ್ನು ತಮ್ಮ ಕುರಿಗಳ ಜೊತೆಯಲ್ಲಿ ಕರೆದೊಯ್ಯಲು ಒಪ್ಪಿದರು. ಈ ಸೀಮೆಯ ಕಾಡುಗೊಲ್ಲರು ತಮ್ಮ ವೀರ ಜುಂಜಪ್ಪನ ಕಥೆಯನ್ನು ಗಣೆಯೆಂಬ ಉದ್ದನೆಯ ಕೊಳಲಿನ ನಾದದೊಡನೆ ರಾತ್ರಿಯಿಡೀ ಹಾಡುವವರು. ದೇವರ ಹೆಸರಿನ ಎತ್ತುಗಳನ್ನು ದುಡಿಮೆಗೆ ಹಚ್ಚದೆ ಸಾಕುವವರು. ಕಾಡೂ ದನವೂ ದೇವರೂ ಅವರಲ್ಲಿ ಒಂದೇ ಬಾಳಿನ ಭಾಗಗಳು.

ಆ ಹಿರಿಯರು ನನಗೆ ಅಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಪಾಠ ಹೇಳಿದರು. ಜೋಡಿ ಎಲೆಯದು ಕಮರ. ಅದರ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಅದರ ಚೇಗು ಕೊಡಲಿಯ ಬಾಯನ್ನೇ ಮುರಿಯುವಷ್ಟು ಗಟ್ಟಿ. ಬಿಳಿಚು ಬೊಡ್ಡೆಯದು ದಿಂಡಿಗ. ಸಣ್ಣೆಲೆಯದು ಚುಜ್ಜಲು, ನಮ್ಮ ಹೆಣ್ಣುಮಕ್ಕಳು ತಲೆಗೆ ಹಾಕಿಕೊಳ್ಳುವ ಚುಜ್ಜಲ ಪುಡಿ ಇದರ ಸೊಪ್ಪಿನದೇ. ಎಲೆಯೊಂದೂ ಇಲ್ಲದೆ ಮೈತುಂಬ ಕೆಂಡದಂತೆ ಹೂತು ನಿಂತದ್ದು ಮುತ್ತುಗ. ಅಂಟಂಟು ಹೊಳೆಯುವ ಎಲೆಯ ಪೊದೆ ಬಂದರೆ. ಹಳದಿ ಹೂವಿನದು ತಂಗಡಿ; ಅದರ ತೊಗಟೆಯಿಂದ ಚರ್ಮ ಹದ ಮಾಡುವರು. ಕಗ್ಗಲಿ, ಕಕ್ಕೆ, ಕಾರೆ, ಕವಳೆ, ಎಲಚಿ, ಅಲ್ಲೊಂದು ಇಲ್ಲೊಂದು ಶ್ರೀಗಂಧದ ಸಸಿ. ಎರಡು ಗಂಟೆಗಳಲ್ಲಿ ನನ್ನ ಪುಸ್ತಕದಲ್ಲಿ ಇಪ್ಪತ್ತಕ್ಕೂ ಮಿಕ್ಕು ಹೆಸರುಗಳು ಸೇರಿದವು. 'ಬರೀ ಮುಳ್ಳುಗಿಡ'ವೆಂದು ನನ್ನ ಶಿಷ್ಯರು ಹೇಳಿದ್ದ ಕಾಡು ಇದೇ!

ಬಿಸಿಲೇರುತ್ತಿದ್ದಂತೆ ಒಂದು ಕಮರದ ನೆರಳಿನಲ್ಲಿ ಕುಳಿತೆವು. ಆಗ ನನಗೆ ಎಪ್ಪಿಂಗಿನ ಮೌನ ನೆನಪಾಯಿತು. ಇಲ್ಲಿಯೂ ಅಂಥದೇ ಮೌನ. ದೂರದಲ್ಲಿ ಗೌಜಲಕ್ಕಿಯ ಕೂಗು, ಒಣ ಕಾಯಿಯೊಳಗೆ ಬೀಜ ಗಲಗಲಿಸುವ ಸದ್ದು, ಗಾಳಿ. ನಾನು ಏನನ್ನೋ ಕೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು: "ಸುಮ್ಕಿರಿ ಮೇಷ್ಟ್ರೇ. ಕುರಿ ಮೇಯೋದು ಬಿಟ್ಟು ನಿಂತ್ಕಂಡವೆ." ಇಡೀ ಹಿಂಡು ಒಂದೇ ದಿಕ್ಕಿಗೆ ಕಿವಿ ನಿಮಿರಿಸಿ ನಿಂತಿತ್ತು. ಅವರೂ ಹಾಗೆಯೇ ನಿಂತರು. ತೋಳವೋ, ಬೀದಿನಾಯಿಯೋ, ಏನೂ ಅಲ್ಲವೋ ನನಗೆ ತಿಳಿಯದು. ಸ್ವಲ್ಪ ಹೊತ್ತಿನ ಮೇಲೆ ಕುರಿಗಳು ತಲೆ ತಗ್ಗಿಸಿ ಮತ್ತೆ ಮೇಯತೊಡಗಿದವು. "ಹೋತು ಬಿಡಿ" ಎಂದು ಅವರು ಕುಳಿತರು.

ಆ ಕ್ಷಣದಲ್ಲಿ ನನಗೆ ಹೊಳೆದುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ. ಎಪ್ಪಿಂಗಿನಲ್ಲಿ ಮೌನವೆಂಬುದು ನಮಗೆ ವಿಶ್ರಾಂತಿಯಾಗಿತ್ತು. ಈ ಹಿರಿಯರಿಗೆ ಮೌನವೆಂಬುದು ಕಾಯಕ. ಅವರು ಕಿವಿಗೊಟ್ಟು ಸುಮ್ಮನಿದ್ದರೆ ಮಾತ್ರ ಕುರಿ ಉಳಿಯುತ್ತದೆ; ಕುರಿ ಉಳಿದರೆ ಮನೆ ಉಳಿಯುತ್ತದೆ. ಅವರ ಮೌನದಲ್ಲಿ ಆಲಸ್ಯವಿಲ್ಲ, ಅದು ಪೂರ್ಣ ಎಚ್ಚರ. ಶರಣರ ಪರಂಪರೆಯಲ್ಲಿ ಬೆಳೆದ ನಮಗೆ ಇದು ಹೊಸತಾಗಬಾರದಿತ್ತು. ಅಕ್ಕಮಹಾದೇವಿಯು ಕಲ್ಯಾಣದ ಅನುಭವ ಗೋಷ್ಠಿಯನ್ನು ದಾಟಿ ಶ್ರೀಶೈಲದ ಕದಳಿಯ ಕಾಡನ್ನು ಹೊಕ್ಕಳು. ಅಲ್ಲಮಪ್ರಭುವಿಗೆ ಅನಿಮಿಷನ ದರ್ಶನವಾದದ್ದು ಅರಮನೆಯಲ್ಲಲ್ಲ, ಊರ ಹೊರಗೆ ನೆಲದಲ್ಲಿ ಹುದುಗಿದ್ದ ಗುಡಿಯಲ್ಲಿ. ಮಾತಿನ ಗೋಷ್ಠಿಯಷ್ಟೇ ಮೌನದ ಬಯಲೂ ನಮ್ಮ ಪರಂಪರೆಯ ಪಾಠಶಾಲೆ. ಪ್ರಾರ್ಥನೆಯ ವೇಳೆಯಲ್ಲಿ ಮಕ್ಕಳಿಗೆ ಐದು ನಿಮಿಷ ಕಣ್ಣು ಮುಚ್ಚಿಸುತ್ತೇವೆ. ಕಣ್ಣು ತೆರೆದು ಸುಮ್ಮನಿರುವುದನ್ನು ಎಲ್ಲಿ ಕಲಿಸುತ್ತೇವೆ?

ಈ ಕಾಡು ನಮಗಾಗಿ ಎಷ್ಟು ಕಾಲ ಕಾಯುತ್ತದೆಯೆಂದು ಹೇಳಲಾಗದು. ಬಳ್ಳಾರಿ ಜಾಲಿಯೂ ಲಂಟಾನವೂ ದೂರದ ಖಂಡದಿಂದ ಬಂದು ನೆಲವನ್ನು ಆಕ್ರಮಿಸುತ್ತಿವೆ. ಬೇಸಗೆಯ ಬೆಂಕಿ ವರ್ಷವರ್ಷವೂ ಎಳೆಯ ಸಸಿಗಳನ್ನು ನುಂಗುತ್ತದೆ. ಹೊಸದುರ್ಗ, ಹೊಳಲ್ಕೆರೆಯ ಗುಡ್ಡಗಳ ಒಡಲಿನ ಅದಿರು ನಮ್ಮ ಜಿಲ್ಲೆಗೆ ತಂದ ಧೂಳನ್ನು ಬಲ್ಲವರೇ ಬಲ್ಲರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಗಣಿಗಾರಿಕೆಯನ್ನು ತಡೆಯಬೇಕಾಗಿ ಬಂದಿತ್ತು. ಚಳ್ಳಕೆರೆಯ ಕಡೆಯ ಅಮೃತಮಹಲ್ ಕಾವಲಿನ ವಿಸ್ತಾರವಾದ ಹುಲ್ಲುಗಾವಲು ಪಾಳುಭೂಮಿಯೆಂಬ ಹೆಸರಿನಲ್ಲಿ ದೊಡ್ಡ ಸಂಸ್ಥೆಗಳಿಗೆ ಹಂಚಿಹೋಯಿತು. ಹೆಸರು ತಿಳಿಯದ ನೆಲವನ್ನು ಪಾಳೆನ್ನುವುದು ಬಹಳ ಸುಲಭ.

ಮತ್ತೊಂದು ಕಡೆ, ನೋಡಬಲ್ಲ ಕಣ್ಣಿದ್ದರೆ ಏನಾಗಬಹುದೆಂಬುದಕ್ಕೂ ನೆರೆಯಲ್ಲಿಯೇ ನಿದರ್ಶನವಿದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರ ಎಂಬ ಅಪರೂಪದ ಜಿಂಕೆ ಇರುವುದನ್ನು ಸ್ವಯಂಚಾಲಿತ ಕ್ಯಾಮೆರಾಗಳನ್ನಿಟ್ಟು ತಾಳ್ಮೆಯಿಂದ ಕಾದವರು ಲೋಕಕ್ಕೆ ತೋರಿಸಿಕೊಟ್ಟರು. ಅದರ ಫಲವಾಗಿ 2019ರಲ್ಲಿ ಸುಮಾರು 136 ಚದರ ಕಿಲೋಮೀಟರ್ ಪ್ರದೇಶ ಚಿಂಕಾರ ವನ್ಯಧಾಮವೆಂದು ಘೋಷಿತವಾಯಿತು. ಚಿತ್ರದುರ್ಗದ ಬೆನ್ನಿಗಿರುವ ಜೋಗಿಮಟ್ಟಿಯೂ ಇಂದು ವನ್ಯಧಾಮ. ಆ ಜಿಂಕೆಗಳು ಹೊಸದಾಗಿ ಬಂದವಲ್ಲ, ಯಾವಾಗಲೂ ಅಲ್ಲಿದ್ದವು. ನೋಡಿದವರು ಮಾತ್ರ ತಡವಾಗಿ ಬಂದರು.

ಇನ್ನು ನನ್ನ ಸೂಚನೆ. ನಮ್ಮ ಶಾಲೆಯ ಪ್ರವಾಸಗಳು ಜೋಗಕ್ಕೂ ಹಂಪೆಗೂ ಮೈಸೂರಿಗೂ ಹೋಗುತ್ತವೆ, ಹೋಗಲಿ. 1933ರ ಅನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಜಾತ್ರೆಯಂತೆ ನೆರೆದು ನೀರನ್ನು ನೋಡಿತು. 1907ರಿಂದ ಆ ನೀರಿಗೆ ಹೆಗಲುಕೊಟ್ಟು ನಿಂತಿರುವ ಎರಡು ಬದಿಯ ಗುಡ್ಡಗಳನ್ನೂ ಅವುಗಳ ಕಾಡನ್ನೂ ಎಷ್ಟು ಮಂದಿ ನೋಡಿದರು? ಆದ್ದರಿಂದ ಎಂಟು ಮತ್ತು ಒಂಬತ್ತನೆಯ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೆ ಎರಡು ಸಲ ಹತ್ತಿರದ ಕಾಡಿಗೆ ಹೋಗಿಬರಬೇಕು: ಮಳೆಗಾಲ ಮುಗಿದು ಕಾಡು ಹಸಿರಾಗಿರುವಾಗ ಒಮ್ಮೆ, ಎಲೆಯುದುರಿ ಮುತ್ತುಗ ಹೂತಾಗ ಇನ್ನೊಮ್ಮೆ. ಒಂದು ತಂಡದಲ್ಲಿ ಮೂವತ್ತು ಮಕ್ಕಳಿಗಿಂತ ಹೆಚ್ಚು ಬೇಡ. ಇಬ್ಬರು ಅಧ್ಯಾಪಕರು, ಜೊತೆಗೆ ಆ ಕಾಡನ್ನು ಬಲ್ಲ ಕುರಿಗಾಹಿಯೊಬ್ಬರು. ಅವರನ್ನು ದಾರಿ ತೋರಿಸುವ ಆಳೆಂದು ಭಾವಿಸದೆ ಅತಿಥಿ ಉಪಾಧ್ಯಾಯರೆಂದು ಗೌರವಿಸಿ ಸಂಭಾವನೆ ಸಲ್ಲಿಸಬೇಕು. ಧ್ವನಿವರ್ಧಕ ಬೇಡ, ಅಡಿಗೆ ಬೇಡ, ಪ್ಲಾಸ್ಟಿಕ್ ಬೇಡ, ಬುತ್ತಿ ಇರಲಿ. ಒಂದು ಗಂಟೆಯ ಕಾಲ ಯಾರೂ ಮಾತನಾಡತಕ್ಕದ್ದಲ್ಲ. ಪ್ರತಿಯೊಂದು ಮಗುವೂ ಒಂದು ಮರವನ್ನು ಆರಿಸಿಕೊಂಡು, ಅದರ ಊರ ಹೆಸರು, ಎಲೆ, ಹೂ, ಕಾಯಿ, ದಿನಾಂಕ ಬರೆಯಲಿ. ಆ ಪುಸ್ತಕವನ್ನು ಗ್ರಂಥಾಲಯದಲ್ಲಿಡಲಿ. ಹತ್ತು ವರ್ಷ ಕಳೆದರೆ, ಯಾವ ವರ್ಷ ಮುತ್ತುಗ ಎಂದು ಹೂವಾಯಿತು, ಕಮರ ಎಂದು ಚಿಗುರಿತು ಎಂಬುದರ ದಾಖಲೆ ನಮ್ಮ ಶಾಲೆಯಲ್ಲಿರುತ್ತದೆ. ಹವೆ ಬದಲಾಗುತ್ತಿರುವ ಈ ಕಾಲದಲ್ಲಿ ಅಂಥ ದಾಖಲೆಗೆ ವಿಜ್ಞಾನಿಗಳೂ ಬೆಲೆ ಕೊಡುತ್ತಾರೆ.

ಆಕ್ಷೇಪಗಳು ಬರುತ್ತವೆಂದು ಬಲ್ಲೆ. ಕರಡಿ, ಚಿರತೆಗಳಿರುವ ಕಾಡಿಗೆ ಮಕ್ಕಳನ್ನು ಒಯ್ಯುವುದೇ ಎಂದು ಪೋಷಕರು ಕೇಳುವರು. ಆ ಭಯ ನಿರಾಧಾರವಲ್ಲ. ಅದಕ್ಕಾಗಿಯೇ ಇಲಾಖೆಯ ಅನುಮತಿ ಪಡೆದು, ಅವರ ಸಿಬ್ಬಂದಿಯೊಡನೆ, ಹಗಲಿನಲ್ಲಿ, ಕಾಡಿನ ಅಂಚಿನಲ್ಲಿಯೇ ನಡೆಯಬೇಕೆನ್ನುವುದು. ಆಳವಾದ ಕಾಡನ್ನು ಹೊಗುವ ಸಾಹಸ ನಮಗೆ ಬೇಕಾಗಿಲ್ಲ. ಪರೀಕ್ಷೆಗೆ ಇದರಿಂದೇನು ಎಂದು ಕೇಳುವವರಿಗೆ, ಕಿವಿಗೊಟ್ಟು ಒಂದು ಗಂಟೆ ಕೂರಬಲ್ಲ ಮಗು ಎಲ್ಲ ವಿಷಯಗಳಲ್ಲಿಯೂ ಮುಂದಿರುತ್ತದೆಂದು ಮೂವತ್ತು ವರ್ಷದ ಅನುಭವದಿಂದ ಹೇಳಬಲ್ಲೆ. ಅಧ್ಯಾಪಕರಿಗೇ ಮರ ಗೊತ್ತಿಲ್ಲವಲ್ಲ ಎಂಬ ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ನಿಜವಾದದ್ದು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡುಗಳಿಗೆ ಕರೆದೊಯ್ದ ಅನುಭವವನ್ನು 'ಹಸುರು ಹೊನ್ನು' ಗ್ರಂಥದಲ್ಲಿ ನಗೆಯೊಡನೆ ಬರೆದಿಟ್ಟಿದ್ದಾರೆ. 1978ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು. ನಾವೆಲ್ಲ ಸ್ವಾಮಿಯವರಾಗಲಾರೆವು. ಆದರೆ ಗೊತ್ತಿಲ್ಲವೆಂದು ಮಕ್ಕಳೆದುರು ಒಪ್ಪಿಕೊಂಡು, ಕುರಿಗಾಹಿಯ ಬಳಿ ಅವರೊಡನೆ ಕುಳಿತು ಕಲಿಯಬಲ್ಲೆವು. ಗುರುವು ಶಿಷ್ಯನಾಗುವುದನ್ನು ನೋಡುವುದೂ ಮಕ್ಕಳಿಗೆ ಒಂದು ಪಾಠ.

ಉದಾರಿಗಳಾದ ದಾನಿಗಳಲ್ಲಿ ಒಂದು ಬಿನ್ನಹ. ತಾವು ಕಟ್ಟಿಸಿಕೊಟ್ಟ ಕೊಠಡಿಗಳಲ್ಲಿ ಸಾವಿರಾರು ಮಕ್ಕಳು ವಿದ್ಯಾವಂತರಾಗಿದ್ದಾರೆ. ಆದರೆ ಈ ಕಾರ್ಯಕ್ಕೆ ಬೇಕಾದುದು ವಾಹನದ ಬಾಡಿಗೆ, ಒಂದಿಷ್ಟು ಸಂಭಾವನೆ, ಕಪಾಟಿನ ತುಂಬ ಪುಸ್ತಕ. ಒಂದು ಕೊಠಡಿಯ ಬಾಗಿಲು ಕಿಟಕಿಗಳ ವೆಚ್ಚದಲ್ಲಿ ಹಲವು ವರ್ಷ ನಡೆದೀತು. ಇದಕ್ಕೆ ಹೆಸರು ಕೆತ್ತಿಸಲು ಗೋಡೆಯಿಲ್ಲ. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ನಂಬಿದವರ ಸಂಸ್ಥೆಯಲ್ಲಿ ಇಂಥ ದಾಸೋಹಕ್ಕೂ ಒಂದು ಸ್ಥಾನವಿರಬೇಕು.

ಶಿವರಾತ್ರಿ ಕಳೆದ ಮೇಲೆ ಆ ಹುಡುಗನಿಗೆ ಒಂದು ಕಾಗದ ಬರೆದೆನು. ಕಮರದ ಜೋಡಿ ಎಲೆಯೊಂದನ್ನು ಒಣಗಿಸಿ ಅದರೊಳಗಿಟ್ಟು, ನಾನು ಕಲಿತ ಹೆಸರುಗಳನ್ನೆಲ್ಲ ಪಟ್ಟಿ ಮಾಡಿ ಕಳುಹಿಸಿದೆ. ಅವನ ತಂದೆ ದೂರವಾಣಿಯಲ್ಲಿ ಮಾತನಾಡುತ್ತ, ಆ ಪಟ್ಟಿಯನ್ನು ತಾವೂ ಓದಿದುದಾಗಿಯೂ, ಬರುವ ರಜೆಯಲ್ಲಿ ಮಗನನ್ನು ಊರಿಗೆ ಕರೆತರುವುದಾಗಿಯೂ ಹೇಳಿದರು. ಆಮೇಲೆ ಕ್ಷಣಕಾಲ ಸುಮ್ಮನಿದ್ದು, "ಸಾರ್, ಚುಜ್ಜಲು ಅಂದ ತಕ್ಷಣ ನಮ್ಮವ್ವನ ತಲೆ ವಾಸನೆ ನೆನಪಾತು" ಎಂದರು. ನನ್ನ ಬಾಕಿಯಲ್ಲಿ ಒಂದು ಕಾಸಿನಷ್ಟು ಅಂದು ತೀರಿತು. ಮಿಕ್ಕಿದ್ದನ್ನು ತೀರಿಸುವುದು ಶಾಲೆಯ ಇಂದಿನ ಅಧ್ಯಾಪಕರ ಕೈಯಲ್ಲಿದೆ. ಕಾಡಿಗೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ ನಾವಿದ್ದೇವೆ.